ಏಕನಾಥರಾಯರು ಜಾಕೀಟು ಪಳಗಿಸಿದ್ದು

ಏಕನಾಥರಾಯರು ಸುಳ್ಳು ಹೇಳುವ ಮನುಷ್ಯರಲ್ಲ. ಐವತ್ತಮೂರು ವರ್ಷಗಳಲ್ಲಿ ಅವರು ಹೇಳಿದ ದೊಡ್ಡ ಸುಳ್ಳು ಒಂದೇ, ಅದೂ ಚಹಾ ಕುಡಿಯುತ್ತಾ ಬಾಯಿ ತಪ್ಪಿ ಬಂದದ್ದು. ಆದರೆ ಹೇಳಬಾರದ ಮನುಷ್ಯನ ಮುಂದೆ, ಹೇಳಬಾರದ ದಿನವೇ ಹೇಳಿಬಿಟ್ಟರು. ನಮ್ಮ ತಾಪತ್ರಯ ಶುರುವಾಗುವುದು ಅಲ್ಲಿಂದ.

ಅಂದು ಬೀಗರಾಗುವವರು ಮೊದಲ ಸಲ ಪುಣೆಯ ಸಹಕಾರನಗರದ ಅವರ ಮನೆಗೆ ಬಂದಿದ್ದರು. ರಾಯರ ಮಗಳು ನೀಲಿಮಾ ಮತ್ತು ಸುಹಾಸ ಒಬ್ಬರನ್ನೊಬ್ಬರು ಮೆಚ್ಚಿ ಎರಡು ವರ್ಷವಾಗಿತ್ತು. ಈಗ ಹಿರಿಯರು ಕೂತು, ಎಲ್ಲವನ್ನೂ ತಾವೇ ಗೊತ್ತು ಮಾಡಿದವರಂತೆ ಮುಖ ಮಾಡುವುದಷ್ಟೇ ಬಾಕಿ. ಹುಡುಗನ ತಂದೆ ರಾಜೀವರಾಯರು ಧಾರವಾಡದವರು, ನಿವೃತ್ತ ಇಂಜಿನಿಯರು, ಈಗ ಕೋಥರೂಡಿನಲ್ಲಿ ಮನೆ. ಮಾತು ಬಹಳ ಕಡಿಮೆ. ಎದುರಿಗಿದ್ದವರನ್ನು ಸೇತುವೆ ಪರೀಕ್ಷೆ ಮಾಡುವವರ ಹಾಗೆ ನೋಡುತ್ತಾರೆ, ಎಲ್ಲಿ ಬಿರುಕು ಇದೆ ಎಂದು.

ಆ ನೋಟಕ್ಕೆ ಏಕನಾಥರಾಯರು ಅಂಗಿಯ ಗುಂಡಿ ಸರಿಮಾಡಿಕೊಂಡರು. ತಾವು ನಗರದ ಕ್ಯಾಂಪ್ ಭಾಗದ ವಿಮಾ ಕಚೇರಿಯಲ್ಲಿ ಮೂವತ್ತು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತವರು. ಹೇಳಿಕೊಳ್ಳಲು ಏನೂ ಇಲ್ಲ. ಅಷ್ಟರಲ್ಲಿ ಸುಹಾಸ, ತನ್ನ ಅಪ್ಪ ಇಪ್ಪತ್ತೆರಡು ವರ್ಷಗಳಿಂದ ಚಳಿಗಾಲದಲ್ಲಿ ಹಿಮಾಲಯದ ಶಿಖರ ಹತ್ತಲು ಹೋಗುತ್ತಾರೆ ಎಂದ. ಆಗ ಏಕನಾಥರಾಯರ ಬಾಯಿಯಿಂದ ಆ ಮಾತು ಬಿತ್ತು.

“ನನಗೂ ಅದರ ಹುಚ್ಚು ಭಾಳ ಅದ್ರಿ.”

ಅಂಬಾಬಾಯಿ ಅವಲಕ್ಕಿಯ ತಟ್ಟೆ ಹಿಡಿದು ಗಂಡನನ್ನು ನೋಡಿದರು. ಅವರಿಗೆ ತಿಳಿದಂತೆ ಗಂಡ ಹತ್ತಿದ ಅತಿ ದೊಡ್ಡ ಎತ್ತರ ಪರ್ವತಿ ಗುಡ್ಡದ ನೂರಾ ಮೂರು ಮೆಟ್ಟಿಲು, ಅದೂ ನಡುವೆ ಎರಡು ಸಲ ಕೂತು. ಆದರೆ ಮಗಳ ಮದುವೆಯ ಮಾತು ನಡೆದಿರುವಾಗ ಗಂಡನನ್ನು ತಿದ್ದುವುದು ಅವರ ಮನೆತನದಲ್ಲಿ ಇರಲಿಲ್ಲ.

ರಾಜೀವರಾಯರ ಮುಖ ಮೊದಲ ಸಲ ಅರಳಿತು. ಜನವರಿಯಲ್ಲಿ ಹಿಮಾಚಲದ ಒಂದು ಶಿಖರಕ್ಕೆ ನಾಲ್ವರು ಹೊರಟಿದ್ದೇವೆ, ಒಬ್ಬ ಮೊಣಕಾಲು ಮುರಿದುಕೊಂಡ, ಒಂದು ಜಾಗ ಖಾಲಿ ಇದೆ, ನೀವೇ ಬನ್ನಿ ಎಂದರು. ಏಕನಾಥರಾಯರು “ಜರೂರ್” ಎಂದರು. ಆ ಕ್ಷಣದಲ್ಲಿ ಬೇರೆ ಶಬ್ದ ಅವರ ಹತ್ತಿರ ಇರಲಿಲ್ಲ. ತುಳಸಿ ಲಗ್ನದ ನಂತರ ನಿಶ್ಚಿತಾರ್ಥ ಎಂದೂ ಆಗಲೇ ಗೊತ್ತಾಯಿತು. ಹೀಗೆ ಒಂದೇ ಕಪ್ ಚಹಾದಲ್ಲಿ ಮಗಳಿಗೆ ಗಂಡ, ಅಪ್ಪನಿಗೆ ಹಿಮ, ಎರಡೂ ನಿಶ್ಚಯವಾದವು.

ಮರುದಿನ ಬೀಗರಿಂದ ವಾಟ್ಸಾಪಿನಲ್ಲಿ ಸಾಮಾನಿನ ಪಟ್ಟಿ ಬಂತು. ಹಗ್ಗ, ಹೆಲ್ಮೆಟ್, ಬೂಟಿನ ಮುಳ್ಳು ಎಲ್ಲ ನನ್ನ ಹತ್ತಿರ ಇವೆ ಎಂದು ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದರು: “ಬೆಚ್ಚನ ಜಾಕೀಟು ಮಾತ್ರ ನೀವ ನೋಡಿ ತಗೋರಿ. ಮನುಷ್ಯಾನ ಗುರುತು ಜಾಕೀಟಿನಾಗ ಹತ್ತತದ.” ಆ ಸಾಲನ್ನು ಏಕನಾಥರಾಯರು ಹದಿನೇಳು ಸಲ ಓದಿದರು. ಇದು ಖರೀದಿಯಲ್ಲ, ಪರೀಕ್ಷೆ. ತಪ್ಪು ಜಾಕೀಟು ತಂದರೆ ತಾವು ಬೆಟ್ಟ ಕಂಡವರಲ್ಲ ಎಂಬುದು ಬಯಲಾಗುತ್ತದೆ. ಸುಳ್ಳು ಹೇಳುವ ಮನೆಯ ಹುಡುಗಿ ಬೇಡ ಎಂದು ಬೀಗರು ಹೇಳಿದರೆ ನೀಲಿಮಾಳ ಮುಖ ಹೇಗೆ ನೋಡುವುದು?

ಶನಿವಾರ ಅರ್ಧ ದಿನ ರಜೆ ಹಾಕಿ ಅವರು ಕ್ಯಾಂಪಿನಲ್ಲಿ ಪರ್ವತಾರೋಹಣದ ಸಾಮಾನು ಮಾರುವ ಅಂಗಡಿಗೆ ಹೋದರು. ಅಂಗಡಿಯ ಋಷಿಕೇಶ ತಾನೂ ಹತ್ತುವವನು, ನಲವತ್ತು ದಾಟಿದವನು. ಮರಾಠಿಯಲ್ಲಿ ಬಹಳ ಸಮಾಧಾನದಿಂದ ಪ್ರಶ್ನೆ ಕೇಳಿದ. ಎಷ್ಟು ಎತ್ತರ? ಯಾವ ತಿಂಗಳು? ರಾತ್ರಿ ಎಷ್ಟು ಮೈನಸ್? ಏಕನಾಥರಾಯರು ಮೂರಕ್ಕೂ “ಹೋ”, ಅಂದರೆ ಹೌದು, ಎಂದರು. ಋಷಿಕೇಶ ಒಂದು ಕ್ಷಣ ಅವರನ್ನು ನೋಡಿ, ಎರಡು ಜಾಕೀಟು ತಂದು ಕೌಂಟರಿನ ಮೇಲೆ ಇಟ್ಟ.

ಮೊದಲನೆಯದರಲ್ಲಿ ಬಾತುಕೋಳಿಯ ಪುಕ್ಕ. ಹಗುರ, ಭಾರೀ ಬೆಚ್ಚಗೆ, ಆದರೆ ಒದ್ದೆಯಾದರೆ ಮುದ್ದೆಯಾಗುತ್ತದೆ, ಆಮೇಲೆ ಪ್ರಯೋಜನವಿಲ್ಲ. ಏಕನಾಥರಾಯರು ಕೈ ಹಿಂದಕ್ಕೆ ತೆಗೆದುಕೊಂಡರು. ಮನೆಯಲ್ಲಿ ದೇವರ ಕೋಣೆಯ ಪಕ್ಕದ ಗೂಟಕ್ಕೇ ಬಟ್ಟೆ ನೇತು ಹಾಕುವುದು. ಅಲ್ಲಿ ನೂರಾರು ಬಾತುಕೋಳಿ ಬಂದು ನಿಂತರೆ ಅಂಬಾಬಾಯಿ ತಾನು ತವರಿಗೆ ಹೋಗುತ್ತೇನೆ ಎನ್ನುವವರು. ಮೇಲಾಗಿ ಒದ್ದೆಯಾದರೆ ಎಂಬ ಮಾತೇ ಅವರಿಗೆ ಅಪಶಕುನವೆನಿಸಿತು. ಹಿಮವೆಂದರೆ ನೀರೇ ತಾನೆ.

ಎರಡನೆಯದರಲ್ಲಿ ಪುಕ್ಕದ ಬದಲು ಕೃತಕ ನೂಲಿನ ಹಂಜಿ. ತುಸು ಭಾರ, ತುಸು ದಪ್ಪ, ಆದರೆ ಒದ್ದೆಯಾದರೂ ಬಿಸಿ ಬಿಡುವುದಿಲ್ಲ. ಅದನ್ನೇ ಹಿಡಿದುಕೊಂಡರು. ತಲೆಯ ಟೊಪ್ಪಿಗೆ ಹೆಲ್ಮೆಟಿನ ಮೇಲೂ ಬರುವಷ್ಟು ದೊಡ್ಡದಿರಬೇಕೋ ಎಂದು ಋಷಿಕೇಶ ಕೇಳಿದ. ತಲೆಯ ಮೇಲೆ ಏನು ಬೀಳುತ್ತದೆ ಎಂದು ರಾಯರು ಕೇಳಿದರು. ಕಲ್ಲು, ಎಂದ. ದೊಡ್ಡದೇ ಇರಲಿ ಎಂದರು. ಅಳತೆಗೆ ಸರಿಯಾದದ್ದು ತೊಟ್ಟರೆ ತೊಡೆ ಮುಚ್ಚುವುದಿಲ್ಲ ಎಂಬ ಭಯದಿಂದ ಒಂದು ಸೈಜು ದೊಡ್ಡದನ್ನು ಕೇಳಿದರು. ಇನ್ನು ಬಣ್ಣ. ಬೂದು ಚೆನ್ನಾಗಿತ್ತು. ಆದರೆ ಕಿತ್ತಳೆ ಬಣ್ಣವೇ ಉತ್ತಮ, ಹುಡುಕುವವರಿಗೆ ದೂರದಿಂದ ಕಾಣುತ್ತದೆ ಎಂದು ಋಷಿಕೇಶ ಸಹಜವಾಗಿ ಹೇಳಿದ.

“ಕೋಣ ಶೋಧತೋ?” ಎಂದು ಮರಾಠಿಯಲ್ಲಿ ಕೇಳಿದರು ರಾಯರು, ಸಣ್ಣ ದನಿಯಲ್ಲಿ. ಯಾರು ಹುಡುಕುತ್ತಾರೆ, ಯಾವಾಗ ಹುಡುಕುತ್ತಾರೆ, ಕಳೆದುಹೋದವರು ಸಾಮಾನ್ಯವಾಗಿ ಸಿಗುತ್ತಾರೋ ಇಲ್ಲವೋ ಎಂಬ ಮೂರು ಪ್ರಶ್ನೆಗಳೂ ಅದರಲ್ಲಿ ಅಡಗಿದ್ದವು. ಋಷಿಕೇಶ ಬಿಲ್ಲು ಬರೆದ. ಮೈನಸ್ ಇಪ್ಪತ್ತಕ್ಕೂ ಬಾಳುವ, ಅಂಗಡಿಯಲ್ಲೇ ಅತಿ ಬೆಚ್ಚಗಿನ, ಅತಿ ಕಿತ್ತಳೆ ಜಾಕೀಟನ್ನು ಒಂದು ಪುಟ್ಟ ಚೀಲದಲ್ಲಿ ಎಂಥದೋ ಕೈಚಳಕದಿಂದ ತುರುಕಿ ಕೊಟ್ಟ. ಬೆಲೆಯ ಚೀಟಿ ಹರಿಯದೆ ಏಳು ದಿನದೊಳಗೆ ತಂದರೆ ಬದಲಿಸುತ್ತೇನೆ ಎಂದೂ ಹೇಳಿದ. ಬಸ್ಸಿನಲ್ಲಿ ಏಕನಾಥರಾಯರಿಗೆ ಆ ಮಾತೊಂದೇ ಧೈರ್ಯ ಕೊಟ್ಟಿತು. ಏಳು ದಿನದಲ್ಲಿ ಏನು ಬೇಕಾದರೂ ಆಗಬಹುದು.

ಆದದ್ದು ಏಳು ನಿಮಿಷದಲ್ಲಿ. ಅವರು ಕಾಲು ತೊಳೆದು ಬರುವಷ್ಟರಲ್ಲಿ ಅಂಬಾಬಾಯಿ ಜಾಕೀಟನ್ನು ದೇವರ ಮುಂದೆ ಇಟ್ಟು, ಕಾಲರಿಗೆ ಅರಿಶಿನ ಕುಂಕುಮ ಹಚ್ಚಿ, ಚೀಟಿ ಹರಿದು ಕಸದ ಬುಟ್ಟಿಗೆ ಹಾಕಿ ಆಗಿತ್ತು. ಹೊಸ ಬಟ್ಟೆಯನ್ನು ಹಾಗೇ ಉಡಬಾರದು, ಅದರಲ್ಲೂ ಸಾಯಲು ಹೋಗುವಾಗ ಎಂದರು. ಕುಂಕುಮ ಹಚ್ಚಿದ ಜಾಕೀಟನ್ನು ಭೂಮಿಯ ಮೇಲಿನ ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಇನ್ನು ಉಳಿದದ್ದು ಜಾಕೀಟನ್ನು ಪಳಗಿಸುವುದು. ಇದು ಏಕನಾಥರಾಯರ ಸ್ವಂತ ಸಂಶೋಧನೆ. ಕೊಲ್ಹಾಪುರಿ ಚಪ್ಪಲಿ ಕೊಂಡವರು ಯಾರೂ ಅದೇ ದಿನ ಮೆಟ್ಟಿ ಊರಿಗೆ ಹೋಗುವುದಿಲ್ಲ. ಎಂಟು ದಿನ ಎಣ್ಣೆ ಹಚ್ಚಿ, ಮನೆಯೊಳಗೇ ಕಟಕಟ ಓಡಾಡಿ, ಅದು ಕಾಲಿಗೆ ಹೊಂದಿದ ಮೇಲೆ ಹೊರಗೆ ಹೊರಡುತ್ತಾರೆ. ಹೊಂದದ ಚಪ್ಪಲಿಯೇ ಇಷ್ಟು ಕಚ್ಚುವಾಗ ಹೊಂದದ ಜಾಕೀಟು ಹಿಮದ ಮೇಲೆ ಏನು ಮಾಡೀತು? ಆದ್ದರಿಂದ ಅದನ್ನು ಹಾಕಿಕೊಂಡು ದಿನಾಲೂ ಗುಡ್ಡ ಹತ್ತಬೇಕು. ಎಣ್ಣೆಯ ವಿಚಾರವನ್ನು ಮಾತ್ರ ಅಂಬಾಬಾಯಿ ತಡೆದರು.

ಎಲ್ಲವೂ ಗುಟ್ಟಾಗಿ ನಡೆಯಬೇಕಿತ್ತು. ನೀಲಿಮಾಗೆ ತಿಳಿದರೆ ಸುಹಾಸನಿಗೆ, ಸುಹಾಸನಿಗೆ ತಿಳಿದರೆ ಅವನ ಅಪ್ಪನಿಗೆ. ಮನೆಯ ಹತ್ತಿರದ ತಳಜಾಯಿ ಗುಡ್ಡದಲ್ಲಿ ಬೆಳಿಗ್ಗೆ ಸಂಜೆ ಪರಿಚಯದವರು ನಡೆಯಲು ಬರುತ್ತಾರೆ. ಪುಣೆಯ ಸಭ್ಯ ಜನ ಕಣ್ಣು ಮುಚ್ಚುವ ಹೊತ್ತೆಂದರೆ ಮಧ್ಯಾಹ್ನ ಒಂದರಿಂದ ನಾಲ್ಕು. ಹಾಗಾಗಿ ಭಾನುವಾರ, ಅಕ್ಟೋಬರಿನ ರಣಬಿಸಿಲಿನಲ್ಲಿ, ಎರಡು ಗಂಟೆಗೆ ಏಕನಾಥರಾಯರು ತಳಜಾಯಿಯ ಬುಡದಲ್ಲಿ ಮೈನಸ್ ಇಪ್ಪತ್ತರ ಜಾಕೀಟು ಹಾಕಿ, ಜಿಪ್ಪನ್ನು ಗದ್ದದವರೆಗೆ ಎಳೆದು, ದೇವರ ಹೆಸರು ಹೇಳಿ ಹತ್ತತೊಡಗಿದರು.

ಅರ್ಧ ಗುಡ್ಡಕ್ಕೆ ಕಣ್ಣಲ್ಲಿ ಬೆವರು ಇಳಿದು ದಾರಿ ಕಾಣದಾಯಿತು. ಮೇಲೆ ಮುಟ್ಟಿದಾಗ ಕಾಲು ತಾನಾಗಿಯೇ ಥರಥರ ನಡುಗುತ್ತಿತ್ತು. ಜಾಕೀಟು ಇನ್ನೂ ಹೊಂದಿಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಇಳಿದು ಬಂದು ಅದನ್ನು ತೆಗೆದು ಆ ಪುಟ್ಟ ಚೀಲದಲ್ಲಿ ತುಂಬಲು ನೋಡಿದರು. ಒಂದು ತೋಳು ಒಳಗೆ ಹೋದರೆ ಇನ್ನೊಂದು ಹೊರಗೆ ಬರುತ್ತಿತ್ತು. ಮೊಣಕಾಲು ಊರಿ ನೋಡಿದರು, ಮೇಲೆ ಕೂತು ನೋಡಿದರು. ಕೈಯಲ್ಲಿ ಹಿಡಿದು ಹೋದರೆ ಇದೇನು ಎಂದು ಜನ ಕೇಳುತ್ತಾರೆ. ಕೊನೆಗೆ ಮತ್ತೆ ಹಾಕಿಕೊಂಡೇ, ತಲೆಗೆ ಟೊಪ್ಪಿಗೆ ಎಳೆದುಕೊಂಡು, ಗೋಡೆ ಹಿಡಿಹಿಡಿದು ಮನೆಗೆ ಬಂದರು.

ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ತಾಯಪ್ಪ ಎದ್ದು ನಿಂತ. ಅವನು ಯಾದಗಿರಿ ಕಡೆಯವನು. ಕಟ್ಟಡ ಕಟ್ಟಲು ಬಂದು, ಕಟ್ಟಿದ ಮೇಲೆ ಅದನ್ನೇ ಕಾಯುತ್ತಾ ಉಳಿದವನು. ಕಿತ್ತಳೆ ಗಾದಿಯೊಂದು ಕಾಲು ಬಂದು ನಡುಗುತ್ತಾ ಬರುತ್ತಿರುವುದನ್ನು ನೋಡಿ ಅವನ ಕರುಳು ಚುರಕ್ ಎಂದಿತು.

“ಸಾಹೇಬ್ರ, ಥಂಡಿ ಜ್ವರ ಬಂದಾವೇನ್ರಿ?”

ಇಲ್ಲ ಎಂದರೆ ಮತ್ತೇನು ಎನ್ನುತ್ತಾನೆ. ಮತ್ತೇನು ಎಂದರೆ ಗುಟ್ಟು ರಟ್ಟಾಗುತ್ತದೆ. ಏಕನಾಥರಾಯರು “ಹೂಂನಪಾ, ಸ್ವಲ್ಪ” ಎಂದು ಮೆಟ್ಟಿಲು ಹತ್ತಿದರು. ಸುಲಭವಾಗಿ ಮುಗಿಯಿತು ಎಂದೂ ಅಂದುಕೊಂಡರು.

ತಾಯಪ್ಪ ಸೆಕ್ರೆಟರಿ ಮಹೇಶಕುಮಾರರಿಗೆ ಹೇಳಿದ. ಮಹೇಶಕುಮಾರರು ಸ್ವಭಾವತಃ ಚುರುಕು. ಅರ್ಧ ಗಂಟೆಯೊಳಗೆ ಸೊಸೈಟಿಯ ಗ್ರೂಪಿನಲ್ಲಿ, ಮೂರನೇ ಮಹಡಿಯಲ್ಲಿ ಡೆಂಗೀ ಶಂಕೆ, ಎಲ್ಲರೂ ಕಿಟಕಿ ಮುಚ್ಚಿ ಎಂದು ಬಂತು. ಒಬ್ಬರು ಪಪ್ಪಾಯಿ ಎಲೆಯ ರಸ ತಂದರು, ಇನ್ನೊಬ್ಬರು ಕಿವಿ ಹಣ್ಣು ತಂದರು. ಏಕನಾಥರಾಯರು ಏನೂ ಆಗಿಲ್ಲ ಎಂದಷ್ಟೂ ಬಂದವರು ಅಂಬಾಬಾಯಿಯ ಕಡೆ ತಿರುಗಿ, ಮೊದಮೊದಲು ಹಾಗೇ ಅನ್ನುತ್ತಾರೆ ಎಂದು ತಲೆ ಆಡಿಸಿದರು. ಅಂಬಾಬಾಯಿಗೆ ನಿಜ ಗೊತ್ತಿತ್ತು. ಆದರೆ ಅವರು ಬಾಯಿ ಬಿಟ್ಟರೆ ಮಗಳ ನಿಶ್ಚಿತಾರ್ಥ ಬಾಯಿ ಮುಚ್ಚುತ್ತಿತ್ತು. ಆದ್ದರಿಂದ ಬಂದವರಿಗೆಲ್ಲ ಚಹಾ ಮಾಡಿದರು.

ಮಂಗಳವಾರ ಪಾಲಿಕೆಯವರು ಬಂದರು. ಬ್ಯಾಟರಿ, ರಿಜಿಸ್ಟರು ಹಿಡಿದ ಒಬ್ಬ ಮಹಿಳೆ, ಹಿಂದೆ ಪಂಪು ಹೊತ್ತ ಇಬ್ಬರು. ಆಕೆ ನೆಲಮಹಡಿಯಿಂದ ತಾರಸಿಯವರೆಗೆ ಪ್ರತಿ ಕುಂಡ, ಪ್ರತಿ ಬಕೆಟ್, ಪ್ರತಿ ಫ್ರಿಜ್ಜಿನ ಕೆಳಗಿನ ತಟ್ಟೆಯನ್ನು ಬೆಳಕು ಬಿಟ್ಟು ನೋಡಿದರು. ಕಡೆಗೆ ಸೊಳ್ಳೆಯ ಮರಿ ಸಿಕ್ಕದ್ದು ಸೆಕ್ರೆಟರಿಯವರ ಸ್ವಂತ ಬಾಲ್ಕನಿಯ ಕಮಲದ ತೊಟ್ಟಿಯಲ್ಲಿ. ಮಹೇಶಕುಮಾರರ ಹೆಸರಿಗೆ ನೋಟೀಸು ಹರಿದು ಕೊಟ್ಟರು. ರೋಗಿ ತಾನಾಗಿಯೇ ರೋಗ ತಂದುಕೊಂಡು ಸೊಸೈಟಿಯ ಮಾನ ಕಳೆದ ಎಂದು ಮಹೇಶಕುಮಾರರು ಮೂರು ದಿನ ಎಲ್ಲ ಮಹಡಿಗಳಲ್ಲಿ ಹೇಳಿಕೊಂಡು ತಿರುಗಿದರು.

ಬುಧವಾರ ಸುದ್ದಿ ಕೇಳಿ ಇಂದಾಪುರದಿಂದ ಎಸ್‌ಟಿ ಬಸ್ಸಿನಲ್ಲಿ ಮಾಯಕ್ಕ ಬಂದಿಳಿದರು. ಮಾಯಕ್ಕ ಏಕನಾಥರಾಯರ ಹಿರಿಯಕ್ಕ. ಎಂಥ ಕಾಯಿಲೆಯನ್ನೂ ಕಷಾಯ ಕೊಟ್ಟು ಹೆದರಿಸುವವರು. ಚೀಲದ ತುಂಬ ಅಮೃತಬಳ್ಳಿ ತಂದಿದ್ದರು. ಅವರ ಒತ್ತಾಯಕ್ಕೆ ರಕ್ತ ಪರೀಕ್ಷೆಯಾಯಿತು. ಡೆಂಗೀ ಇಲ್ಲ, ಮಲೇರಿಯಾ ಇಲ್ಲ, ಪ್ಲೇಟ್ಲೆಟ್ ಬೇಕಾದಷ್ಟಿವೆ ಎಂದು ಡಾಕ್ಟರು ನಕ್ಕರು. ಮಾಯಕ್ಕ ನಗಲಿಲ್ಲ. ಪರೀಕ್ಷೆಗೂ ಸಿಗದ ರೋಗವೆಂದರೆ ಅದು ಎಷ್ಟು ಒಳಗೆ ಹೋಗಿ ಕೂತಿರಬೇಕು ಎಂದು ಕಷಾಯದ ಪ್ರಮಾಣ ಇಮ್ಮಡಿ ಮಾಡಿದರು.

ಇಷ್ಟಕ್ಕೇ ನಿಂತಿದ್ದರೆ ಕಹಿ ಕುಡಿದು ಸುಮ್ಮನಾಗಬಹುದಿತ್ತು. ಆದರೆ ಮಹೇಶಕುಮಾರರು ನೋಟೀಸಿನ ಸಿಟ್ಟಿನಲ್ಲಿಯೂ ಪರೋಪಕಾರ ಬಿಡದವರು. ಏಕನಾಥರಾಯರಿಗೆ ಬಿ ಪಾಸಿಟಿವ್ ರಕ್ತ ಬೇಕಾಗಬಹುದು ಎಂದು ಯಾವುದೋ ಗ್ರೂಪಿಗೆ ಹಾಕಿದ್ದರು. ಎರಡನೇ ಗ್ರೂಪಿಗೆ ಹೋಗುವಾಗ “ಬೇಕಾಗಬಹುದು” ಎಂಬುದು “ಬೇಕು” ಆಯಿತು. ಮೂರನೆಯದರಲ್ಲಿ “ತುರ್ತಾಗಿ ಬೇಕು” ಆಯಿತು. ಗುರುವಾರ ಸಂಜೆ ಅದು ಪುಣೆಯ ಕನ್ನಡಿಗರ ಗ್ರೂಪನ್ನು ಮುಟ್ಟಿದಾಗ ರಾಯರ ಪಾಸ್‌ಪೋರ್ಟ್ ಫೋಟೋ, ಮೇಲೆ ಕೈಮುಗಿದ ಎರಡು ಚಿತ್ರಗಳೂ ಇದ್ದವು. ಆ ಗ್ರೂಪಿನಲ್ಲಿ ರಾಜೀವರಾಯರಿದ್ದರು. ಅವರ ರಕ್ತವೂ ಬಿ ಪಾಸಿಟಿವ್.

ರಾಜೀವರಾಯರು ಫೋನು ಮಾಡಿ ಹೆಚ್ಚೇನೂ ಮಾತಾಡಲಿಲ್ಲ. ಭಾನುವಾರ ಮನೆಗೆ ಬರುತ್ತೇನೆ, ಸ್ವಲ್ಪ ಮಾತಾಡುವುದಿದೆ ಎಂದಷ್ಟೇ ಹೇಳಿ ಇಟ್ಟರು. ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ರೋಗ ಮುಚ್ಚಿಟ್ಟು ಹೆಣ್ಣು ಕೊಡುವವರು ಎಂಬ ಮಾತು ಒಮ್ಮೆ ಬಂದರೆ ಅದು ಏಳು ಮನೆ ಸುತ್ತುತ್ತದೆ. ನೀಲಿಮಾ ಅತ್ತು ಕೆಂಪಾದ ಕಣ್ಣಿನಿಂದ ಅಪ್ಪನ ಎದುರು ಬಂದು ನಿಂತಳು.

“ಅಪ್ಪಾ, ನಿನಗೇನಾಗೇದ ಖರೇ ಹೇಳು. ಮದುವಿ ಹೋದ್ರ ಹೋಗಲಿ. ನನ್ನ ಮುಂದ ಮುಚ್ಚಿಡಬ್ಯಾಡ.”

ಮಗಳಿಗೆ ಮದುವೆಗಿಂತ ತಾನು ಹೆಚ್ಚು ಎಂಬುದು ಏಕನಾಥರಾಯರಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಇಂಥ ಹೊತ್ತಿನಲ್ಲಿ, ಒಂದು ಕಿತ್ತಳೆ ಜಾಕೀಟಿನ ದೆಸೆಯಿಂದ. ಆದರೂ ಭಾನುವಾರ ಹೇಳುತ್ತೇನೆ ಎಂದರು.

ಎರಡು ದಿನ ಅವರು ಲೆಕ್ಕ ಹಾಕಿದರು. ರೋಗಿ ಎಂದರೆ ಮದುವೆ ಮುರಿಯುತ್ತದೆ. ಆರೋಗ್ಯವಾಗಿದ್ದೇನೆ ಎಂದರೆ ಜನವರಿಯಲ್ಲಿ ಹಗ್ಗಕ್ಕೆ ನೇತುಬೀಳಬೇಕು. ಸುಳ್ಳು ಹೇಳಿದೆ ಎಂದರೆ ಮಾನ ಹೋಗುತ್ತದೆ, ಆದರೆ ಜೀವ ಉಳಿಯುತ್ತದೆ, ಬಹುಶಃ ಮದುವೆಯೂ. ಮಾನವನ್ನು ಕೊಟ್ಟುಬಿಡುವುದೇ ಸರಿ ಎಂದು ಶನಿವಾರ ರಾತ್ರಿ ತೀರ್ಮಾನಿಸಿದಾಗ ಅವರಿಗೆ ವಾರದಲ್ಲಿ ಮೊದಲ ಬಾರಿ ನಿದ್ದೆ ಬಂತು. ತಪ್ಪೊಪ್ಪಿಕೊಂಡವನನ್ನು ಯಾರೂ ಹಿಮಾಲಯಕ್ಕೆ ಕರೆದೊಯ್ಯುವುದಿಲ್ಲವಲ್ಲ.

ಭಾನುವಾರ ರಾಜೀವರಾಯರು ಮಗನೊಂದಿಗೆ ಬಂದರು. ಮಾಯಕ್ಕ ಕಷಾಯದ ಲೋಟ ಹಿಡಿದು ಕೂತಿದ್ದರು. ಸೆಕ್ರೆಟರಿಯವರು ಸೊಸೈಟಿಯ ಪರವಾಗಿ ಬಂದು ಕೂತರು. ತಾಯಪ್ಪ ಬಾಗಿಲಲ್ಲಿ ನಿಂತ. ಏಕನಾಥರಾಯರು ಒಳಗೆ ಹೋಗಿ ಜಾಕೀಟು ತಂದು ನಡುವೆ ಟೀಪಾಯಿಯ ಮೇಲೆ ಇಟ್ಟರು. ಅದು ನಿಧಾನವಾಗಿ ಉಬ್ಬಿ ಪೂರ್ತಿ ಟೀಪಾಯಿ ಆವರಿಸಿತು.

“ನನಗ ಯಾವ ಜ್ವರಾನೂ ಇಲ್ರಿ,” ಎಂದು ಶುರು ಮಾಡಿದರು. ಆಮೇಲೆ ತಡೆಯಲೇ ಇಲ್ಲ. ಬೆಟ್ಟದ ಹುಚ್ಚು ಸುಳ್ಳು. ಪರ್ವತಿಗಿಂತ ಎತ್ತರ ತಾನು ಅದುವರೆಗೆ ಹತ್ತಿರಲಿಲ್ಲ. ಜಾಕೀಟು ಪಳಗಿಸಲು ತಳಜಾಯಿ ಹತ್ತಿದ್ದು, ತಾಯಪ್ಪನಿಗೆ ಹೂಂ ಅಂದದ್ದು, ಅಮೃತಬಳ್ಳಿ ಕುಡಿದದ್ದು, ಎಲ್ಲ ಹೇಳಿದರು. ತನಗೆ ಚಳಿಯೆಂದರೆ ಅಂಜಿಕೆ, ಎತ್ತರವೆಂದರೆ ಅಂಜಿಕೆ, ಮೇಲಿನಿಂದ ಕಲ್ಲು ಬೀಳುತ್ತವೆ ಎಂದು ಕೇಳಿದ ಮೇಲೆ ಚಪ್ಪರದ ಕೆಳಗೂ ಅಂಜಿಕೆ, ಹುಡುಕುವವರು ಬರುತ್ತಾರೆ ಎಂದರೆ ಎಲ್ಲಕ್ಕಿಂತ ದೊಡ್ಡ ಅಂಜಿಕೆ ಎಂದರು. ತನ್ನ ತಪ್ಪಿಗೆ ಮಗಳಿಗೆ ಶಿಕ್ಷೆ ಕೊಡಬೇಡಿ ಎಂದು ಕೈ ಮುಗಿದರು.

ಸುಹಾಸ ನಗು ತಡೆಯಲು ಕಿಟಕಿಯ ಹೊರಗೆ ನೋಡಿದ. ನೀಲಿಮಾ ಅಳುತ್ತಲೇ ನಕ್ಕಳು. ರಾಜೀವರಾಯರು ಮಾತ್ರ ಜಾಕೀಟನ್ನು ಎತ್ತಿ, ಹೊಲಿಗೆ ನೋಡಿ, ಟೊಪ್ಪಿಗೆಯೊಳಗೆ ಮುಷ್ಟಿ ಇಟ್ಟು ತಿರುಗಿಸಿ, ಕಾಲರಿನ ಕುಂಕುಮವನ್ನು ಎರಡು ಕ್ಷಣ ನೋಡಿ ಕೆಳಗಿಟ್ಟರು.

“ಇದನ್ನ ಹತ್ತೂವಾಗ ಹಾಕ್ಕೋಬಾರದ್ರಿ. ಹತ್ತಿ ನಿಂತಾಗ, ಎಲ್ಲಾದರ ಮ್ಯಾಲೆ ಹಾಕ್ಕೋಬೇಕು. ಅದಕ್ಕ ಬೆವತೀರಿ.” ಆಮೇಲೆ ಹೇಳಿದರು, “ಆದ್ರ ಜಾಕೀಟು ಭಾಳ ಛಲೋ ಆರಿಸೀರಿ. ಒದ್ದಿ ಆದ್ರೂ ಬೆಚ್ಚಗ, ಹೆಲ್ಮೆಟ್ ಮ್ಯಾಲೆ ಟೊಪಿಗಿ, ಒಂದು ಸೈಜ್ ದೊಡ್ಡದು. ಖರೇ ಅಂಜಿದವರಷ್ಟ ಇಂಥಾದ್ದು ತರ್ತಾರ.”

ಏಕನಾಥರಾಯರು, ಹಾಗಾದರೆ ಇದನ್ನು ಆ ಜಾಗಕ್ಕೆ ಬರುವ ಬೇರೆ ಯಾರಿಗಾದರೂ ಸಂತೋಷದಿಂದ ಕೊಡುತ್ತೇನೆ ಎಂದರು. ರಾಜೀವರಾಯರು ತಮ್ಮ ಎಡಗೈ ಮುಂದೆ ಚಾಚಿದರು. ಕಿರುಬೆರಳಿನ ತುದಿ ಇರಲಿಲ್ಲ. ಯಾರೂ ಈವರೆಗೆ ಗಮನಿಸಿರಲಿಲ್ಲ.

“ಇಪ್ಪತ್ತೆರಡು ವರ್ಷ ನನ್ನ ಹಗ್ಗಕ್ಕ ಸಿಕ್ಕವರೆಲ್ಲಾ ಧೈರ್ಯಶಾಲಿಗಳು. ಕೈ ಸೆಟೆದ್ರೂ ಏನಿಲ್ಲ ಏನಿಲ್ಲ ಅನ್ನಾವ್ರು. ನಾನೂ ಹಂಗ ಅಂದು ಈ ಬೆರಳು ಕಳಕೊಂಡೆ. ಚಳಿ ಆದ್ರ ಚಳಿ ಆಗೇದ, ಅಂಜಿಕಿ ಆದ್ರ ಅಂಜಿಕಿ ಆಗೇದ ಅಂತ ಹತ್ತು ಮಂದಿ ಮುಂದ ಬಾಯಿ ಬಿಟ್ಟು ಹೇಳಾವ ನನಗ ಒಬ್ಬನೂ ಸಿಕ್ಕಿಲ್ರಿ. ನೀವು ಹೇಳಿದ್ರಿ. ಮೊದಲು ನಿಮ್ಮನ್ನ ಕರಕೊಂಡು ಹೋಗೂದೋ ಬ್ಯಾಡೋ ಅಂತ ಅನುಮಾನಿತ್ತು. ಈಗ ಇಲ್ಲ. ನೀವು ಬರಾಕ ಬೇಕು.”

ನಿಶ್ಚಿತಾರ್ಥ ಅದೇ ದಿನಕ್ಕೆ ಇರಲಿ ಎಂದೂ ಸೇರಿಸಿದರು. ಎರಡೂವರೆ ತಿಂಗಳಲ್ಲಿ ತಯಾರಿ ಮಾಡಿಸುತ್ತೇನೆ, ನಾಳೆ ಬೆಳಿಗ್ಗೆ ಐದಕ್ಕೆ ಸಿಂಹಗಡ ಕೋಟೆ ಹತ್ತೋಣ ಎಂದರು. ಸುಹಾಸ ಆಗಲೇ ಮೊಬೈಲು ತೆಗೆದು ರೈಲಿನ ಟಿಕೆಟು ನೋಡತೊಡಗಿದ. ಅಂಬಾಬಾಯಿ ಸಂತೋಷದಿಂದ ಸಕ್ಕರೆ ತರಲು ಒಳಗೆ ಹೋದರು. ಸೆಕ್ರೆಟರಿಯವರು, ಸೊಸೈಟಿಯಿಂದ ಮೊದಲ ಪರ್ವತಾರೋಹಿಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡಬೇಕು ಎಂದು ಅಲ್ಲೇ ಗ್ರೂಪಿಗೆ ಹಾಕಿದರು.

ಏಕನಾಥರಾಯರು ಸೋಫಾದ ಅಂಚು ಹಿಡಿದುಕೊಂಡರು. ಅಂಗೈ ತಣ್ಣಗಾಗಿ, ಹಲ್ಲು ಸಣ್ಣಗೆ ಕಟಕಟ ಎನ್ನುತ್ತಿತ್ತು. ಅವರು ಎಲ್ಲರಿಗೂ ಕೇಳುವ ಹಾಗೆ, ಆದರೆ ದನಿ ಏಳದೆ ಹೇಳಿದರು.

“ನನಗ ಯಾಕೋ ಖರೇನ ಜ್ವರ ಬಂದಂಗ ಅನಸ್ತದ್ರಿ.”

ಮಾಯಕ್ಕ ಎದ್ದು ಬಂದು ತಮ್ಮನ ಹಣೆಯ ಮೇಲೆ ಕೈ ಇಟ್ಟರು, ಕೊರಳು ಮುಟ್ಟಿದರು, ನಾಡಿ ಹಿಡಿದರು. ಎಲ್ಲರೂ ಅವರ ಮುಖವನ್ನೇ ನೋಡಿದರು.

“ಏನೂ ಆಗಿಲ್ಲ,” ಎಂದರು ಮಾಯಕ್ಕ, ಕಷಾಯದ ಲೋಟವನ್ನು ಅಡಿಗೆಮನೆಯ ಮೋರಿಗೆ ಸುರಿಯಲು ಹೊರಡುತ್ತಾ. “ಕಲ್ಲಿನ್ಹಾಂಗ ಇದ್ದಾನ. ಕರಕೊಂಡು ಹೋಗ್ರಿ.”